ಓಮ್ನಿ ಬಾಗಿಲ ರೋಲರ್ ಮರುದಿನವೇ ಬಂತು, ದುಬಾರಿ ಕಾರಿನ ಹೆಡ್‌ಲೈಟ್ ಐದು ವಾರವಾದರೂ ಇಲ್ಲ. ಯಾಕೆ ಹೀಗೆ?

ತಿಪಟೂರು ಗ್ಯಾರೇಜ್

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಗ್ಯಾರೇಜ್ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಹೋದ ತಿಂಗಳು ಎರಡು ಗಾಡಿ ಬಂದವು. ಅವೆರಡೂ ಇನ್ನೂ ತಲೆಯಲ್ಲೇ ಕೂತಿವೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲನೆಯದು ಕೊಬ್ಬರಿ ವ್ಯಾಪಾರಿಯೊಬ್ಬರ ಹಳೇ ಮಾರುತಿ ಓಮ್ನಿ. ಪಕ್ಕಕ್ಕೆ ಜಾರುವ ಬಾಗಿಲು ಹಳಿ ತಪ್ಪಿತ್ತು. ಬಿಚ್ಚಿ ನೋಡಿದರೆ ರೋಲರ್ ಒಡೆದಿದೆ. ಬಾಗಿಲಿಗೆ ಹಗ್ಗ ಕಟ್ಟಿಕೊಂಡು ಬಂದಿದ್ದರು ಪಾಪ. ಓಮ್ನಿ ತಯಾರಿಕೆ ನಿಂತಿದ್ದು 2019ರಲ್ಲಿ. ಇನ್ನೆಲ್ಲಿ ಸಿಗುತ್ತೆ ಅಂದುಕೊಂಡೇ ಸಂಜೆ ನಾಲ್ಕಕ್ಕೆ ತುಮಕೂರಿನ ಕೌಂಟರ್‌ಗೆ ಫೋನ್ ಮಾಡಿದೆ. ಚಾಸಿ ನಂಬರ್ ಕೇಳಿದರು, ಎಡಗಡೆಯದಾ ಬಲಗಡೆಯದಾ ಅಂತ ಕೇಳಿದರು, ಅಷ್ಟೇ. ಮರುದಿನ ಬೆಳಿಗ್ಗೆ ಬಸ್‌ನಲ್ಲಿ ಪಾರ್ಸೆಲ್ ಬಂತು. ಅಂಗೈ ಅಗಲದ ಪೊಟ್ಟಣ. ಮೇಲೆ ಪಾರ್ಟ್ ನಂಬರ್, ಎಂಆರ್‌ಪಿ, ಹೊಳೆಯುವ ಹೊಲೋಗ್ರಾಮ್. ಮಧ್ಯಾಹ್ನದ ಹೊತ್ತಿಗೆ ಗಾಡಿ ಕೊಟ್ಟು ಕಳಿಸಿದೆ.

ಎರಡನೆಯದು ಒಂದು ವಿದೇಶಿ ಕಂಪನಿಯ ದೊಡ್ಡ ಕಾರು. ಹೆಸರು ಬೇಡ. ಅರಸೀಕೆರೆ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದು ಬಲಗಡೆ ಹೆಡ್‌ಲೈಟ್ ಪೂರ್ತಿ ಹೋಗಿದೆ. ಆ ಕಾರಿನವರು ವಾರಕ್ಕೆ ಎರಡು ಸಲ ತಾಯಿಯನ್ನ ಡಯಾಲಿಸಿಸ್‌ಗೆ ತುಮಕೂರಿಗೆ ಕರೆದುಕೊಂಡು ಹೋಗಬೇಕು. ಬರುವಾಗ ಕತ್ತಲಾಗುತ್ತೆ, ಒಂದೇ ಲೈಟಿನಲ್ಲಿ ಹೋಗೋಕಾಗಲ್ಲ. ಐದು ವಾರದಿಂದ ಬಾಡಿಗೆ ಟ್ಯಾಕ್ಸಿ. ಕಂಪನಿ ಡೀಲರ್ ಹತ್ತಿರ ಕೇಳಿದಾಗಲೆಲ್ಲ ಒಂದೇ ಉತ್ತರ: "ಆರ್ಡರ್ ಹಾಕಿದೀವಿ ಸರ್, ಬರಬೇಕು."

ನನ್ನ ಪ್ರಶ್ನೆ ಇಷ್ಟೇ. ತಯಾರಿಕೆ ನಿಂತುಹೋದ ಅಗ್ಗದ ಗಾಡಿಗೆ ಪಾರ್ಟ್ ಸಿಗುತ್ತೆ, ಈಗಲೂ ಶೋರೂಮ್‌ನಲ್ಲಿ ಮಾರುತ್ತಿರುವ ದುಬಾರಿ ಗಾಡಿಗೆ ಸಿಗಲ್ಲ. ಮಾರುತಿಯವರು ಈ ವ್ಯವಸ್ಥೆ ಹೇಗೆ ಕಟ್ಟಿದರು? ಹಳೇ ಕೌಂಟರ್‌ನವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಜೆಸಿ ರೋಡ್ ಹಳಬ

ತಮ್ಮಾ, ಒಳ್ಳೇ ಪ್ರಶ್ನೆ ಕೇಳಿದ್ದೀಯ. ನಾನು 1987ರಿಂದ ಸ್ಪೇರ್ಸ್ ಕೌಂಟರ್‌ನಲ್ಲೇ ಇದ್ದವನು, ಈಗ ಮನೆಯಲ್ಲಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಓದು.

ಮಾರುತಿ ಬರುವ ಮುಂಚೆ ರಸ್ತೆಯಲ್ಲಿ ಇದ್ದದ್ದು ಅಂಬಾಸಿಡರ್, ಪದ್ಮಿನಿ. ಇವಕ್ಕೆ ಪಾರ್ಟ್ಸ್ ಸಿಗುತ್ತಿರಲಿಲ್ಲ ಅಂತಲ್ಲ, ಬೇಕಾದಷ್ಟು ಸಿಗುತ್ತಿದ್ದವು. ದೆಹಲಿಯ ಕಶ್ಮೀರಿ ಗೇಟ್, ಮದರಾಸಿನ ಪುದುಪೇಟೆ, ನಮ್ಮ ಬೆಂಗಳೂರಿನ ಜೆಸಿ ರೋಡು, ಎಲ್ಲ ಕಡೆ ರಾಶಿ ರಾಶಿ. ಆದರೆ ಒಂದು ಅಂಗಡಿಯ ಬುಷ್ ಇನ್ನೊಂದು ಅಂಗಡಿಯ ಪಿನ್ನಿಗೆ ಕೂರುತ್ತಿರಲಿಲ್ಲ. ನಿಮ್ಮಪ್ಪನನ್ನ ಕೇಳಿ ನೋಡು. ಹೊಸ ಪಾರ್ಟ್ ತಂದ ಮೇಲೆ ಅರ ಹಿಡಿದು ಉಜ್ಜಬೇಕು, ಸಂದಿಗೆ ತೆಳು ತಗಡಿನ ಶಿಮ್ ಕೊಡಬೇಕು, ಲೇತ್‌ಗೆ ಓಡಬೇಕು. ಮೆಕ್ಯಾನಿಕ್ ಅಂದರೆ ಅರ್ಧ ಫಿಟ್ಟರ್.

1983ರ ಡಿಸೆಂಬರ್ 14ಕ್ಕೆ ಮೊದಲ ಮಾರುತಿ 800 ಗುರುಗಾಂವದಿಂದ ಹೊರಗೆ ಬಂತು. ಮೊದಮೊದಲು ಕಾರಿನ ಬಹುಪಾಲು ಸಾಮಾನು ಜಪಾನಿನಿಂದಲೇ ಪೆಟ್ಟಿಗೆಯಲ್ಲಿ ಬರುತ್ತಿತ್ತು, ಇಲ್ಲಿ ಜೋಡಿಸುತ್ತಿದ್ದರು. 1985ರ ಮೇಲೆ ಜಪಾನಿನ ಯೆನ್ ಬೆಲೆ ಜೋರಾಗಿ ಏರಿತು. ಅಲ್ಲಿಂದ ತರಿಸುವ ಪ್ರತಿ ಬೋಲ್ಟೂ ದುಬಾರಿ ಆಯಿತು. ಸರ್ಕಾರದ ಕಡೆಯಿಂದಲೂ ಇಲ್ಲೇ ತಯಾರಿಸಿ ಅನ್ನುವ ಒತ್ತಡ ಇತ್ತು. ಆಗ ಮಾರುತಿಯವರು ಮಾಡಿದ ಕೆಲಸವೇ ನಿನ್ನ ಪ್ರಶ್ನೆಗೆ ಅರ್ಧ ಉತ್ತರ. ಪಾರ್ಟ್ ಮಾಡುವವರ ಕಂಪನಿಯಲ್ಲಿ ತಾವೂ ಪಾಲು ಹಾಕಿದರು. ಸ್ಟೀರಿಂಗ್‌ಗೆ ಸೋನಾ, ಸೀಟಿಗೆ ಭಾರತ್ ಸೀಟ್ಸ್, ಗಾಜಿಗೆ ಅಸಾಹಿ ಇಂಡಿಯಾ, ಎಸಿಗೆ ಸುಬ್ರೋಸ್, ತಗಡಿನ ಕೆಲಸಕ್ಕೆ ಜಯ್ ಭಾರತ್ ಮಾರುತಿ, ಪ್ಲಾಸ್ಟಿಕ್‌ಗೆ ಮೆಷಿನೋ. ಬಹಳಷ್ಟು ಜನಕ್ಕೆ ಜಪಾನ್ ಕಂಪನಿಗಳಿಂದ ತಂತ್ರಜ್ಞಾನವನ್ನೂ ಕೊಡಿಸಿದರು. ಹೀಗೆ ಅಳತೆ ಒಂದೇ ಆಯಿತು. ಡಬ್ಬ ಒಡೆದು ಹಾಕಿದರೆ ಕೂರುತ್ತೆ ಅನ್ನುವ ನಂಬಿಕೆ ಮೆಕ್ಯಾನಿಕ್‌ಗಳಿಗೆ ಬಂತು. ಅರ ಮೂಲೆಗೆ ಹೋಯಿತು.

ಇನ್ನರ್ಧ ಉತ್ತರ ಪಾರ್ಟ್ ನಂಬರ್. ನಾನು ಕೆಲಸಕ್ಕೆ ಸೇರಿದಾಗ ದಪ್ಪ ಕ್ಯಾಟಲಾಗ್ ಪುಸ್ತಕ ಇತ್ತು. ಒಂದೊಂದು ಹಾಳೆಯಲ್ಲೂ ಬಿಡಿಸಿಟ್ಟ ಎಂಜಿನ್ ಚಿತ್ರ. ಮೂಲೆಗಳೆಲ್ಲ ಗ್ರೀಸ್ ಹತ್ತಿ ಕಪ್ಪಗಾಗಿದ್ದವು. ಸುಜುಕಿ ಲೆಕ್ಕದಲ್ಲಿ ಮೊದಲ ಐದು ಅಂಕಿ ವಸ್ತು ಯಾವುದು ಅಂತ ಹೇಳುತ್ತೆ. 16510 ಅಂದರೆ ಆಯಿಲ್ ಫಿಲ್ಟರ್. 13780 ಅಂದರೆ ಏರ್ ಫಿಲ್ಟರ್. ಆಮೇಲಿನದು ಯಾವ ಮಾಡೆಲ್ ಅಂತ. ಎರಡು ವರ್ಷ ಕೌಂಟರ್‌ನಲ್ಲಿ ನಿಂತವನಿಗೆ ಪುಸ್ತಕವೇ ಬೇಕಿರಲಿಲ್ಲ. ಮೆಕ್ಯಾನಿಕ್ ಬಾಯಿ ತೆರೆಯುವ ಮುಂಚೆ ಕೈ ಆ ರ‍್ಯಾಕಿಗೆ ಹೋಗಿರುತ್ತಿತ್ತು.

ಮೂರನೆಯ ಮಾತು, ಇದನ್ನ ಜನ ಮರೀತಾರೆ. 800, ಓಮ್ನಿ, ಆಮೇಲೆ ಬಂದ ಆಲ್ಟೊ, ಮೂರರಲ್ಲೂ ಅದೇ 796 ಸಿಸಿಯ ಸಂಸಾರ. ಒಂದೇ ಅಲ್ಲದಿದ್ದರೂ ಎಷ್ಟೋ ಸಾಮಾನು ಒಂದರದ್ದು ಇನ್ನೊಂದಕ್ಕೆ ಆಗುತ್ತಿತ್ತು. ತಾಲ್ಲೂಕಿನ ಅಂಗಡಿಯವನು ಐವತ್ತು ಬಗೆಯ ಪಾರ್ಟ್ ಇಟ್ಟರೆ ಊರಿನ ಮುಕ್ಕಾಲು ಕಾರಿಗೆ ಸಾಕು. ಹಾಕಿದ ದುಡ್ಡು ತಿಂಗಳೊಳಗೆ ತಿರುಗುತ್ತೆ. ಅವನಿಗೆ ಅಷ್ಟು ಧೈರ್ಯ ಬಂದಿದ್ದಕ್ಕೇ ಪಾರ್ಟು ತಾಲ್ಲೂಕಿಗೆ ಬಂತು. ಕಂಪನಿ ಎಷ್ಟೇ ದೊಡ್ಡ ಗೋಡೌನ್ ಕಟ್ಟಲಿ, ಕೊನೆಯ ಇಪ್ಪತ್ತು ಮೈಲಿ ಹೊತ್ತಿದ್ದು ಈ ಅಂಗಡಿಗಳೇ.

ಕೊಳ್ಳೇಗಾಲದ ಓದುಗ

ಹಿರಿಯರೇ, ಅರ ಮೂಲೆಗೆ ಹೋಯಿತು ಅಂದ್ರಲ್ಲ, ನಮ್ಮ ಚಿಕ್ಕಪ್ಪ ಇದೇ ಮಾತು ಹೇಳುತ್ತಿದ್ದರು. ಪದ್ಮಿನಿ ಬಿಟ್ಟು 800 ರಿಪೇರಿ ಕಲಿಯೋಕೆ ಅವರಿಗೆ ಮೊದಲು ಮನಸ್ಸೇ ಇರಲಿಲ್ಲ. ಇದರಲ್ಲಿ ನನ್ನ ಕೈಕೆಲಸ ಏನಿದೆ ಅನ್ನೋರು. ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಹುಬ್ಬಳ್ಳಿ ಸೀಟ್ ಕವರ್

ನಮಸ್ಕಾರ ರೀ. ಸ್ಪೇರ್ ಪಾರ್ಟ್ಸ್ ಬಗ್ಗೆ ಎಲ್ಲರೂ ಬರೀತಾರೆ, ಆಕ್ಸೆಸರೀಸ್ ಬಗ್ಗೆ ನಾನು ಹೇಳ್ತೀನಿ. ನಮ್ಮ ಮನೆಯವರೂ ನಾನೂ ಸೇರಿ ಇಪ್ಪತ್ತು ವರ್ಷದಿಂದ ಅಂಗಡಿ ನಡೆಸುತ್ತಿದ್ದೇವೆ. ಸೀಟ್ ಕವರ್ ನಾನೇ ಹೊಲಿಸಿ ಕೊಡುತ್ತೇನೆ.

ಮೊದಲು ಬೇಸಿಕ್ ಮಾಡೆಲ್ ಕಾರು ಬಂದರೆ ಬೋಳು ಬೋಳು. ಎಡಗಡೆ ಕನ್ನಡಿ ಇಲ್ಲ, ಟೇಪ್ ಇಲ್ಲ, ಮ್ಯಾಟ್ ಇಲ್ಲ, ಸೆಂಟ್ರಲ್ ಲಾಕ್ ಇಲ್ಲ. ಶೋರೂಮ್‌ನಿಂದ ಪೂಜೆ ಮಾಡಿಸಿಕೊಂಡು ಸೀದಾ ನಮ್ಮ ಅಂಗಡಿಗೆ ಬರುತ್ತಿದ್ದರು. ನಿಂಬೆಹಣ್ಣು ಇನ್ನೂ ಟೈರಿನ ಕೆಳಗೆ ಅಂಟಿಕೊಂಡಿರುತ್ತಿತ್ತು. ಆಮೇಲೆ ಕಂಪನಿಗಳಿಗೆ ಗೊತ್ತಾಯಿತು, ಕಾರು ಮಾರಿದ ಮೇಲೂ ಇಲ್ಲಿ ವ್ಯಾಪಾರ ಇದೆ ಅಂತ. ಜೆನ್ಯೂನ್ ಆಕ್ಸೆಸರೀಸ್ ಅಂತ ತಮ್ಮದೇ ಡಬ್ಬ ಮಾಡಿ ಶೋರೂಮ್ ಒಳಗೇ ಗೋಡೆಗೆ ನೇತುಹಾಕಿದರು. ಗ್ರಾಹಕರಿಗೆ ಸಾಲದ ಕಂತಿನಲ್ಲೇ ಅದೂ ಸೇರಿಕೊಳ್ಳುತ್ತೆ. ನಮ್ಮ ಹತ್ತಿರ ನಗದು ಕೊಡಬೇಕು. ಅಲ್ಲಿಗೆ ನಮ್ಮ ವ್ಯಾಪಾರಕ್ಕೆ ಮೊದಲ ಪೆಟ್ಟು ಬಿತ್ತು ನೋಡ್ರಿ.

ಆಮೇಲೆ ಕಾನೂನು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಾರದು ಅಂತ ಹೇಳಿತು. ರೋಲ್ ರೋಲ್ ಮಾಲು ಹಾಗೇ ಉಳಿಯಿತು. 2017ರ ಡಿಸೆಂಬರ್‌ನಲ್ಲಿ ಮುಂದಿನ ಕಬ್ಬಿಣದ ಬುಲ್ ಬಾರ್ ಹಾಕಿದರೆ ಕ್ರಮ ತಗೊಳ್ಳಿ ಅಂತ ಕೇಂದ್ರದವರು ರಾಜ್ಯಗಳಿಗೆ ಪತ್ರ ಬರೆದರು. ಅದು ಸರಿಯಾದ ತೀರ್ಮಾನವೇ. ನಡೆದುಹೋಗುವವರಿಗೆ ಆ ಕಂಬಿ ತಾಗಿದರೆ ಉಳಿಯೋದು ಕಷ್ಟ. 2019ರ ಜುಲೈ 1ರಿಂದ ರಿವರ್ಸ್ ಸೆನ್ಸರ್ ಹೊಸ ಕಾರಿಗೆ ಕಂಪನಿಯಿಂದಲೇ ಕಡ್ಡಾಯ ಆಯಿತು. ದಿನಕ್ಕೆ ಮೂರು ನಾಲ್ಕು ಸೆನ್ಸರ್ ಹಾಕುತ್ತಿದ್ದ ಹುಡುಗ ಬೇರೆ ಕೆಲಸ ಕಲಿಯಬೇಕಾಯಿತು.

ಈಗ ಏನು ಉಳಿದಿದೆ? ಸೀಟ್ ಕವರ್, ಮ್ಯಾಟ್, ಮಳೆಗಾಲಕ್ಕೆ ಡೋರ್ ವೈಸರ್, ಮಡ್ ಫ್ಲ್ಯಾಪ್, ಮೇಲಿನ ಕ್ಯಾರಿಯರ್. ಒಂದು ಮಾತು ಕೈಮುಗಿದು ಹೇಳ್ತೀನಿ. ಫಾಗ್ ಲೈಟ್, ಮ್ಯೂಸಿಕ್ ಸಿಸ್ಟಮ್ ಹಾಕಿಸುವಾಗ ವೈರ್ ಕತ್ತರಿಸೋಕೆ ಬಿಡಬೇಡಿ. ಕಪ್ಲರ್‌ಗೆ ಕಪ್ಲರ್ ಸೇರಿಸುವ ಹಾರ್ನೆಸ್, ಅಂದರೆ ಸಿದ್ಧ ವೈರಿನ ಕಟ್ಟು, ಸಿಗುತ್ತೆ, ಕೆಲವು ನೂರು ರೂಪಾಯಿ ಜಾಸ್ತಿ ಆಗುತ್ತೆ, ಅಷ್ಟೇ. ನಮ್ಮ ಕಣ್ಣೆದುರು ಒಂದು ಕಾರಿನ ಡ್ಯಾಶ್‌ಬೋರ್ಡ್ ಹೊಗೆ ಬಂದಿದೆ. ಬೇರೆ ಕಡೆ ಕತ್ತರಿಸಿ, ಟೇಪ್ ಸುತ್ತಿ, ಒಳಗೆ ತಳ್ಳಿದ್ದರು. ಮಕ್ಕಳು ಹಿಂದೆ ಕೂತಿದ್ದರು ರೀ. ದೇವರು ದೊಡ್ಡವನು, ಎಲ್ಲರೂ ಇಳಿದರು.

ಗೋಡೌನ್ ಲೆಕ್ಕ

ನಾನು ಬಿಡಿಭಾಗಗಳ ಗೋಡೌನ್‌ನಲ್ಲಿ ಹದಿನಾಲ್ಕು ವರ್ಷದಿಂದ ಸ್ಟಾಕ್ ನೋಡುತ್ತಿದ್ದೇನೆ. ಹಿರಿಯರು ಹೇಳಿದ್ದೆಲ್ಲ ನಿಜ. ಒಳಗಿನ ಲೆಕ್ಕ ನಾನು ಸೇರಿಸುತ್ತೇನೆ.

ನಮ್ಮಲ್ಲಿ ಮಾಲನ್ನ ಮೂರು ಗುಂಪು ಮಾಡುತ್ತೇವೆ. ಓಡುವುದು, ನಿಧಾನವಾದದ್ದು, ಕೂತದ್ದು. ಫಿಲ್ಟರ್, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಬಂಪರ್, ಕನ್ನಡಿ, ಇವೆಲ್ಲ ಓಡುವ ಮಾಲು. ಇವು ಬಾಗಿಲ ಹತ್ತಿರದ ರ‍್ಯಾಕಿನಲ್ಲಿ, ಸೊಂಟದ ಎತ್ತರದಲ್ಲಿ ಇರುತ್ತವೆ. ಬಗ್ಗಬಾರದು, ಏಣಿ ಹತ್ತಬಾರದು. ವರ್ಷಕ್ಕೆ ಎರಡು ಸಲ ಕೇಳುವ ವೈರಿಂಗ್ ಹಾರ್ನೆಸ್ ಮೇಲುಗಡೆ ಕೊನೆಯಲ್ಲಿ. ಕೂತ ಮಾಲು ಅಂದರೆ ಬಡ್ಡಿ ತಿನ್ನುವ ದುಡ್ಡು. ದುಬಾರಿ ಕಾರಿನ ಹೆಡ್‌ಲೈಟ್ ಸಿಗದೇ ಇರೋದಕ್ಕೆ ಮುಖ್ಯ ಕಾರಣ ಇದೇ. ರಾಜ್ಯದಲ್ಲಿ ಆ ಮಾಡೆಲ್ ಕೆಲವೇ ನೂರು ಇದ್ದರೆ, ಲಕ್ಷ ರೂಪಾಯಿ ಹತ್ತಿರದ ಲೈಟ್ ಜೋಡಿಯನ್ನ ಯಾವ ಡಿಸ್ಟ್ರಿಬ್ಯೂಟರ್ ಇಟ್ಟುಕೊಳ್ಳುತ್ತಾನೆ? ಆರ್ಡರ್ ಬಂದ ಮೇಲೆ ಮೇಲಕ್ಕೆ ಕೇಳುತ್ತಾರೆ, ಅವರು ಇನ್ನೂ ಮೇಲಕ್ಕೆ ಕೇಳುತ್ತಾರೆ. ಎಷ್ಟೋ ಸಲ ಹಡಗಿನಲ್ಲೇ ಬರಬೇಕು.

ಊರಿಗೊಂದು ಬೇಡಿಕೆ ಇರುತ್ತೆ, ಇದು ನನಗೆ ತುಂಬಾ ಇಷ್ಟದ ವಿಷಯ. ಮಂಗಳೂರು, ಉಡುಪಿ ಕಡೆ ಉಪ್ಪುಗಾಳಿ, ಸೈಲೆನ್ಸರ್ ಮತ್ತು ಕೆಳಗಿನ ಬ್ರಾಕೆಟ್‌ಗಳು ಬೇಗ ತುಕ್ಕು ಹಿಡಿಯುತ್ತವೆ. ಮೇ ತಿಂಗಳ ಕೊನೆಗೆ ವೈಪರ್ ಬ್ಲೇಡ್ ರಾಶಿ ಕಳಿಸಬೇಕು. ಮಲೆನಾಡಿಗೆ ಬ್ರೇಕ್ ಮತ್ತು ಕ್ಲಚ್, ಘಾಟಿ ಹತ್ತಿ ಇಳಿದು ಸವೆಯುತ್ತವೆ. ಕಲಬುರಗಿ, ರಾಯಚೂರಿಗೆ ಬೇಸಿಗೆ ಮುಂಚೆ ಕೂಲಂಟ್, ರೇಡಿಯೇಟರ್, ಎಸಿ ಸಾಮಾನು. ಬೆಂಗಳೂರಿಗೆ ವರ್ಷಪೂರ್ತಿ ಬಂಪರ್ ಮತ್ತು ಕನ್ನಡಿ. ಈ ಲೆಕ್ಕ ಕಂಪ್ಯೂಟರ್ ಕೊಡುತ್ತೆ ನಿಜ, ಆದರೆ ಮುಂಗಾರು ಒಂದು ವಾರ ಮುಂಚೆ ಬರುತ್ತೆ ಅಂತ ಸುದ್ದಿ ಬಂದರೆ ನಾವೇ ಫೋನ್ ಮಾಡಿ ಮಾಲು ಮುಂದೆ ತಳ್ಳಬೇಕು.

ತೆರಿಗೆಯ ಪಾತ್ರವೂ ಇದೆ. 2017ರ ಜುಲೈಗೆ ಮುಂಚೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ತಮ್ಮದೇ ಡಿಪೋಗೆ ಸಾಗಿಸಿದರೆ ಬೀಳುತ್ತಿರಲಿಲ್ಲ. ಅದಕ್ಕೇ ಪ್ರತಿ ರಾಜ್ಯಕ್ಕೊಂದು ಗೋಡೌನ್. ಹೊಸೂರಿನಲ್ಲಿ ಇದ್ದ ಮಾಲು ಆನೇಕಲ್‌ಗೆ ಬರೋಕೆ ಕಾಗದದ ಮೇಲೆ ಊರೆಲ್ಲ ಸುತ್ತಬೇಕಿತ್ತು. ಜಿಎಸ್‌ಟಿ ಬಂದ ಮೇಲೆ ಈ ಗೋಡೆ ಬಿತ್ತು. ಸಣ್ಣ ಡಿಪೋಗಳನ್ನ ಸೇರಿಸಿ ದೊಡ್ಡದು ಮಾಡೋಕೆ ದಾರಿ ಆಯಿತು. ಆದರೆ ಬಹುತೇಕ ಬಿಡಿಭಾಗಗಳ ಮೇಲೆ ಶೇ 28 ತೆರಿಗೆ ಕೂತಿತು. ಬಿಲ್ ಇಲ್ಲದ ನಕಲಿ ಮಾಲಿಗೆ ಅದೇ ವರ ಆಯಿತು. 2025ರ ಸೆಪ್ಟೆಂಬರ್ 22ರಿಂದ ಎಲ್ಲ ವಾಹನ ಬಿಡಿಭಾಗಕ್ಕೂ ಶೇ 18 ಆಗಿದೆ. ಇದು ಸಣ್ಣ ಗ್ಯಾರೇಜ್‌ಗಳಿಗೆ ನಿಜವಾದ ಉಪಕಾರ.

ತಿಪಟೂರು ಸರ್, ನಿಮಗೊಂದು ಸಲಹೆ. ಆ ಹೆಡ್‌ಲೈಟ್ ಆರ್ಡರ್ ಯಾವ ನಂಬರ್‌ನಲ್ಲಿ ಹೋಗಿದೆ ಅಂತ ಕೇಳಿ. ಪಾರ್ಟ್‌ನಲ್ಲಿ ಸಣ್ಣ ಬದಲಾವಣೆ ಆದಾಗ ಕಂಪನಿ ಹಳೇ ನಂಬರ್ ಮುಚ್ಚಿ ಹೊಸದು ಕೊಡುತ್ತೆ. ಹಳೇ ನಂಬರ್‌ನಲ್ಲಿ ಹಾಕಿದ ಆರ್ಡರ್ ಕೆಲವು ಸಲ ಹಾಗೇ ನೇತಾಡುತ್ತಿರುತ್ತೆ, ಯಾರೂ ನೋಡಲ್ಲ. ಚಾಸಿ ನಂಬರ್ ಹಾಕಿ ಮತ್ತೆ ಹುಡುಕಿಸಿ. ಜೊತೆಗೆ ಗಾಡಿ ರಸ್ತೆಗಿಳಿಯೋ ಸ್ಥಿತಿಯಲ್ಲಿಲ್ಲ ಅಂತ ಹೇಳಿ ತುರ್ತು ಆರ್ಡರ್ ಹಾಕಿಸಿ. ನಮ್ಮ ಭಾಷೆಯಲ್ಲಿ ಅದಕ್ಕೆ ವಿಓಆರ್, ವೆಹಿಕಲ್ ಆಫ್ ರೋಡ್, ಅಂತಾರೆ. ಅದು ಮಾಮೂಲಿ ಸ್ಟಾಕ್ ಆರ್ಡರ್‌ಗಿಂತ ಮುಂದೆ ಹೋಗುತ್ತೆ.

ತಿಪಟೂರು ಗ್ಯಾರೇಜ್

ಇದು ನನಗೆ ಗೊತ್ತೇ ಇರಲಿಲ್ಲ ಸರ್. ನಾಳೆಯೇ ಕೇಳುತ್ತೇನೆ.

ವೈಟ್ ಬೋರ್ಡ್ ಡ್ರೈವರ್

ಒಂದು ಅನುಮಾನ. ಕಂಪನಿ ಡಬ್ಬದಲ್ಲಿ ಬರುವ ಬ್ರೇಕ್ ಪ್ಯಾಡನ್ನೇ, ಅದನ್ನ ಮಾಡಿದ ಕಂಪನಿ ಬೇರೆ ಡಬ್ಬದಲ್ಲಿ ಕಡಿಮೆಗೆ ಮಾರುತ್ತಲ್ಲ, ಎರಡೂ ಒಂದೇನಾ? ಮತ್ತೆ ಹೊರಗೆ ಹಾಕಿಸಿದರೆ ವಾರಂಟಿ ಹೋಗುತ್ತೆ ಅಂತ ಹೆದರಿಸುತ್ತಾರೆ, ಅದು ನಿಜವಾ?

ಗ್ರಾಹಕರ ಪರ

ಡ್ರೈವರ್ ಅಣ್ಣಾ, ಇದರ ಬಗ್ಗೆ ದೊಡ್ಡ ಕೇಸೇ ನಡೆದಿದೆ. 2011ರಲ್ಲಿ ಒಬ್ಬ ಗ್ರಾಹಕರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಕಾರು ಕಂಪನಿಗಳು ತಮ್ಮ ಬಿಡಿಭಾಗಗಳನ್ನ, ರಿಪೇರಿ ಪುಸ್ತಕಗಳನ್ನ, ಸ್ಕ್ಯಾನ್ ಮಾಡುವ ಉಪಕರಣಗಳನ್ನ ಹೊರಗಿನ ಗ್ಯಾರೇಜ್‌ಗಳಿಗೆ ಕೊಡುತ್ತಿಲ್ಲ ಅನ್ನುವುದು ದೂರು. ಮೂರು ಕಂಪನಿ ಮೇಲೆ ಶುರುವಾದದ್ದು ತನಿಖೆ ನಡೀತಾ ಹೋದ ಹಾಗೆ ದೊಡ್ಡದಾಯಿತು. 2014ರ ಆಗಸ್ಟ್ 25ರಂದು 14 ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿದರು. ಮಾರುತಿಗೂ 471 ಕೋಟಿ ಬಿತ್ತು. ಮಾರುತಿ ಬಗ್ಗೆ ಇಲ್ಲಿ ಒಳ್ಳೆಯ ಮಾತು ಬಂದಿವೆ, ಅವು ನಿಜ ಕೂಡ. ಆದರೆ ಈ ಪಟ್ಟಿಯಲ್ಲಿ ಅವರ ಹೆಸರೂ ಇತ್ತು ಅನ್ನೋದನ್ನ ಬಿಡಬಾರದು.

ಆಯೋಗ ಮುಖ್ಯವಾಗಿ ಹೇಳಿದ್ದು ನಿಮ್ಮ ಎರಡೂ ಪ್ರಶ್ನೆಗೆ ಉತ್ತರ. ಪಾರ್ಟ್ ಮಾಡಿಕೊಡುವ ಕಂಪನಿಗಳು ಅದನ್ನ ಹೊರಗಿನ ಮಾರುಕಟ್ಟೆಗೆ ಮಾರದಂತೆ ಕಾರು ಕಂಪನಿಗಳು ಕಟ್ಟಿಹಾಕಿದ್ದು ತಪ್ಪು. ಹೊರಗಿನ ಗ್ಯಾರೇಜ್‌ನಲ್ಲಿ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅನ್ನುವ ಷರತ್ತು ಹಾಕಬಾರದು. ಅಂದರೆ ಹೊರಗೆ ಬ್ರೇಕ್ ಪ್ಯಾಡ್ ಹಾಕಿಸಿದಿರಿ ಅಂತ ಎಸಿಯ ವಾರಂಟಿ ಹೋಗಬಾರದು. ಬ್ರೇಕಿಗೇ ತೊಂದರೆ ಬಂದರೆ ಅದು ಬೇರೆ ಮಾತು. ಕಂಪನಿಗಳು ಮೇಲ್ಮನವಿಗೆ ಹೋದವು, ವರ್ಷಗಟ್ಟಲೆ ನಡೆಯಿತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್‌ನಲ್ಲಿ ಅದಕ್ಕೊಂದು ಪೋರ್ಟಲ್ ಶುರುವಾಯಿತು. ವಾಹನಗಳೂ ಅದರಲ್ಲಿ ಸೇರಿವೆ.

ಜೆಸಿ ರೋಡ್ ಹಳಬ

ಗ್ರಾಹಕರ ಪರ ಅವರು ಹೇಳಿದ್ದನ್ನ ನಾನು ಒಪ್ಪುತ್ತೇನೆ. ಕಂಪನಿ ಕೌಂಟರ್‌ನಲ್ಲಿ ಕೆಲಸ ಮಾಡಿದವನಾಗಿ ಇನ್ನೊಂದು ಮಗ್ಗುಲೂ ಹೇಳಬೇಕು. ಬಾಗಿಲು ಪೂರ್ತಿ ತೆರೆದರೆ ಒಳಗೆ ಬರುವವರಲ್ಲಿ ನಕಲಿ ಮಾಡುವವರೂ ಇರುತ್ತಾರೆ.

ಒಂದು ಸಲ ಹಳೇ ಗಿರಾಕಿಯೊಬ್ಬರು ಎಂಜಿನ್ ಹಿಡಿದುಕೊಂಡಿತು ಅಂತ ಬಂದರು. ಆಯಿಲ್ ಫಿಲ್ಟರ್ ಮೇಲೆ ನಮ್ಮದೇ ಹೆಸರು, ಆದರೆ ಬಿಲ್ ನಮ್ಮದಲ್ಲ. ಹ್ಯಾಕ್ಸಾ ಬ್ಲೇಡ್‌ನಲ್ಲಿ ಎರಡೂ ಫಿಲ್ಟರ್ ಕೊಯ್ದೆ, ನಮ್ಮ ರ‍್ಯಾಕಿನ ಅಸಲಿಯದೊಂದು, ಅವರದೊಂದು. ಅಸಲಿಯ ಕಾಗದದ ಮಡಿಕೆ ಸೀರೆಯ ನೆರಿಗೆ ಹಾಗೆ ಒತ್ತಾಗಿ, ಒಂದೇ ಅಳತೆಯಲ್ಲಿ ಇತ್ತು. ನಕಲಿಯಲ್ಲಿ ಮಡಿಕೆ ಅರ್ಧಕ್ಕಿಂತ ಕಡಿಮೆ. ಅಂಟು ಒಂದು ಕಡೆ ಬಿಟ್ಟಿತ್ತು. ಕೊಳೆ ಕಟ್ಟಿಕೊಂಡಾಗ ಎಣ್ಣೆಗೆ ಬೇರೆ ದಾರಿ ಬಿಡುವ ಒಳಗಿನ ವಾಲ್ವ್ ಇರಲೇ ಇಲ್ಲ, ಬರೀ ತಗಡು. ಹೊರಗಿನ ಬಣ್ಣ, ಅಕ್ಷರ ಮಾತ್ರ ಹಾಗೇ. ಅವತ್ತಿನಿಂದ ಆ ಎರಡು ತುಂಡನ್ನ ಕೌಂಟರ್ ಮೇಲೇ ಇಟ್ಟಿದ್ದೆ. ಬೆಲೆ ಜಾಸ್ತಿ ಅಂದವರಿಗೆ ಮಾತಾಡದೆ ಅದನ್ನ ಕೈಗೆ ಕೊಡುತ್ತಿದ್ದೆ.

ಡ್ರೈವರ್ ತಮ್ಮಾ, ಮಾಡಿದ ಕಂಪನಿಯ ಸ್ವಂತ ಡಬ್ಬದ ಮಾಲು ಸಾಮಾನ್ಯವಾಗಿ ಒಳ್ಳೆಯದೇ. ಬಿಲ್ ಕೊಡುವ ಅಂಗಡಿಯಲ್ಲಿ ತಗೋ. ಖಾಲಿ ಡಬ್ಬ ಯಾರಾದರೂ ಕೇಳಿದರೆ ಕೊಡಬೇಡ, ಹರಿದು ಬಿಸಾಕು. ಅಸಲಿ ಡಬ್ಬಕ್ಕೆ ನಕಲಿ ಮಾಲು ತುಂಬುವ ಕೆಲಸ ಅಲ್ಲಿಂದಲೇ ಶುರುವಾಗೋದು.

ಕುಡ್ಲದ ಪುಂಟೊ

ನನ್ನ ಹತ್ತಿರ ಫಿಯೆಟ್ ಪುಂಟೊ ಡೀಸೆಲ್ ಇದೆ. ಫಿಯೆಟ್‌ನವರು ಇಲ್ಲಿ ಕಾರು ಮಾಡುವುದು ನಿಲ್ಲಿಸಿ ವರ್ಷಗಳಾದವು. ಆದರೂ ನನ್ನ ಗಾಡಿ ಓಡುತ್ತಿದೆ, ಅದಕ್ಕೆ ಕಾರಣ ಮಾರುತಿ ಅಂದರೆ ನಂಬುತ್ತೀರಾ? 1248 ಸಿಸಿಯ ಆ ಮಲ್ಟಿಜೆಟ್ ಎಂಜಿನ್ ಫಿಯೆಟ್‌ನದು. ಅದನ್ನೇ ಮಾರುತಿಯವರು ಲೈಸೆನ್ಸ್ ತಗೊಂಡು ಸ್ವಿಫ್ಟ್, ಡಿಸೈರ್, ಎರ್ಟಿಗಾಗೆ ಹಾಕಿದರು. ಟಾಟಾದವರು ಇಂಡಿಕಾ ವಿಸ್ಟಾಗೆ ಹಾಕಿದರು. 2020ರ ಏಪ್ರಿಲ್‌ಗೆ ಮಾರುತಿ ಡೀಸೆಲ್ ಬಿಟ್ಟರೂ ರಸ್ತೆಯಲ್ಲಿ ಆ ಗಾಡಿಗಳು ಲಕ್ಷಗಟ್ಟಲೆ ಇವೆ. ಹಾಗಾಗಿ ಎಂಜಿನ್ ಒಳಗಿನ ಎಷ್ಟೋ ಸಾಮಾನು ಮಾರುಕಟ್ಟೆಯಲ್ಲಿ ಸಿಗುತ್ತೆ. ಎಲ್ಲವೂ ಹೊಂದಲ್ಲ, ಟರ್ಬೊ, ಮೌಂಟಿಂಗ್, ಸೆನ್ಸರ್ ಇವುಗಳಲ್ಲಿ ವ್ಯತ್ಯಾಸ ಇರುತ್ತೆ. ನಂಬರ್ ಹೋಲಿಸಿಯೇ ತರಬೇಕು.

ಕಷ್ಟ ಇರೋದು ಮೈಯ ಸಾಮಾನಿಗೆ. ಹಿಂದಿನ ಬಾಗಿಲ ಗಾಜು ಒಡೆದಾಗ ಮೂರು ರಾಜ್ಯದ ಗುಜರಿಗಳಿಗೆ ಫೋನ್ ಮಾಡಿದೆ. ಕೊನೆಗೆ ಶಿವಾಜಿನಗರದ ಗುಜರಿಯಲ್ಲಿ ಅದೇ ಬಣ್ಣದ ಪೂರ್ತಿ ಬಾಗಿಲೇ ಸಿಕ್ಕಿತು. ರಾತ್ರಿ ಬಸ್ಸಿನ ಮೇಲೆ ಕಂಬಳಿ ಸುತ್ತಿಸಿ ತರಿಸಿದೆ. ಬೆಳಿಗ್ಗೆ ಜ್ಯೋತಿ ಸರ್ಕಲ್‌ನಲ್ಲಿ ಇಳಿಸಿಕೊಂಡು ಕಂಬಳಿ ಬಿಚ್ಚುವಾಗ ಕೈ ನಡುಗುತ್ತಿತ್ತು. ಗಾಜು ಚೆನ್ನಾಗಿತ್ತು.

ಜನರಲ್ ಮೋಟರ್ಸ್ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ತಯಾರಿಕೆ ನಿಲ್ಲಿಸುತ್ತೇವೆ ಅಂತ ಹೇಳಿತು. ಇಬ್ಬರೂ ಸರ್ವಿಸ್, ಪಾರ್ಟ್ಸ್ ಮುಂದುವರಿಸುತ್ತೇವೆ ಅಂದರು. ಕಾರು ತಗೊಳ್ಳುವವರು ಮೈಲೇಜ್ ಕೇಳುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ. ಇದರ ಎಂಜಿನ್ ಬೇರೆ ಯಾವ ಯಾವ ಗಾಡಿಯಲ್ಲಿದೆ?

ಬಿಡದಿ ಪಕ್ಕದವ

ಪುಂಟೊ ಅವರೇ, ನೀವು ಹೇಳಿದ್ದಕ್ಕೆ ಈಗಿನ ಉದಾಹರಣೆ ನಮ್ಮ ಬಿಡದಿಯಲ್ಲೇ ಇದೆ. ಟೊಯೊಟಾ ಗ್ಲಾನ್ಝಾ 2019ರಲ್ಲಿ ಬಂತು, ಅದು ಮಾರುತಿಯ ಬಲೆನೊ ಕಾರೇ, ಹೆಸರು ಬೇರೆ. 2022ರಿಂದ ಮಾರುತಿಯ ಗ್ರ್ಯಾಂಡ್ ವಿಟಾರಾ ತಯಾರಾಗಿದ್ದು ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ, ಅವರದೇ ಹೈರೈಡರ್ ಕಾರಿನ ಜೊತೆಗೆ. ಒಂದೇ ವಸ್ತುವಿಗೆ ಎರಡು ಡಬ್ಬ, ಎರಡು ನಂಬರ್. ಪಾರ್ಟ್ ಬೇಕಾದಾಗ ಎರಡೂ ಕೌಂಟರ್‌ನಲ್ಲಿ ಬೆಲೆ, ಸ್ಟಾಕ್ ಎರಡನ್ನೂ ಕೇಳಿ. ನನ್ನ ತಂಗಿಯ ಗ್ಲಾನ್ಝಾಗೆ ಒಂದು ಕಡೆ ಇಲ್ಲದ ಕ್ಲಿಪ್ ಇನ್ನೊಂದು ಕಡೆ ಅವತ್ತೇ ಸಿಕ್ಕಿತು.

ಮಿಷಿಗನ್ ಕನ್ನಡಿಗ

ಇಲ್ಲಿಂದ ಎರಡು ಮಾತು. ಅಮೆರಿಕದಲ್ಲಿ 1975ರ ಕಾನೂನು ಒಂದಿದೆ. ಗ್ರಾಹಕ ತಮ್ಮದೇ ಬ್ರ್ಯಾಂಡಿನ ಪಾರ್ಟ್ ಹಾಕಿಸಲೇಬೇಕು ಅಂತ ವಾರಂಟಿಗೆ ಷರತ್ತು ಹಾಕುವಂತಿಲ್ಲ, ಹಾಕಿದರೆ ಆ ಪಾರ್ಟ್ ಪುಕ್ಕಟೆ ಕೊಡಬೇಕು. 2012ರಲ್ಲಿ ಮ್ಯಾಸಚೂಸೆಟ್ಸ್ ಜನ ಕಾರು ದುರಸ್ತಿ ಹಕ್ಕಿಗೆ ವೋಟ್ ಹಾಕಿ ಗೆಲ್ಲಿಸಿದರು. 2014ರಲ್ಲಿ ಕಂಪನಿಗಳು ಅದನ್ನೇ ಇಡೀ ದೇಶಕ್ಕೆ ಒಪ್ಪಿಕೊಂಡವು. ಹಾಗಾಗಿ ಇಲ್ಲಿ ಸಣ್ಣ ಊರಿನ ಅಂಗಡಿಯಲ್ಲೂ ಕಾರಿನ ವರ್ಷ, ಮಾಡೆಲ್ ಹೇಳಿದರೆ ಪಾರ್ಟ್ ಕೈಗೆ ಬರುತ್ತೆ. ಆದರೆ ಸಂಜೆ ನಾಲ್ಕಕ್ಕೆ ಫೋನ್ ಮಾಡಿ, ಬೆಳಿಗ್ಗೆ ಬಸ್‌ನಲ್ಲಿ ರೋಲರ್ ತರಿಸುವುದನ್ನ ಓದಿ ಊರು ತುಂಬಾ ನೆನಪಾಯಿತು. ನಮ್ಮ ಅಜ್ಜನ ಪಂಪ್‌ಸೆಟ್‌ನ ಬೇರಿಂಗೂ ಹಾಗೇ ಬರುತ್ತಿತ್ತು.

ತಿಪಟೂರು ಗ್ಯಾರೇಜ್

ಎಲ್ಲರಿಗೂ ಅಪ್‌ಡೇಟ್. ಗೋಡೌನ್ ಲೆಕ್ಕ ಸರ್, ನಿಮ್ಮ ಮಾತೇ ನಿಜವಾಯಿತು. ಕಾರಿನವರನ್ನ ಕರೆದುಕೊಂಡು ಡೀಲರ್ ಹತ್ತಿರ ಹೋದೆ. ಕೌಂಟರ್‌ನಲ್ಲಿ ಒಬ್ಬ ಹೊಸ ಹುಡುಗಿ ಇದ್ದಳು. ಚಾಸಿ ನಂಬರ್ ಹಾಕಿ ನೋಡಮ್ಮ ಅಂದೆ. ಹಾಕಿದಳು, ಒಂದು ನಿಮಿಷ ಸುಮ್ನೆ ಪರದೆಯನ್ನೇ ನೋಡಿದಳು. ಆಮೇಲೆ "ಸರ್, ಆರ್ಡರ್ ಹಳೇ ನಂಬರ್‌ನಲ್ಲಿದೆ, ಅದು ಕ್ಲೋಸ್ ಆಗಿದೆ" ಅಂದಳು. ಐದು ವಾರ ಯಾರೂ ನೋಡಿಲ್ಲ. ಹೊಸ ನಂಬರ್‌ನ ಲೈಟ್ ಚೆನ್ನೈನಲ್ಲಿ ಎರಡು ಇತ್ತು. ಅಲ್ಲೇ ನಿಂತು ತುರ್ತು ಆರ್ಡರ್ ಹಾಕಿಸಿದೆ. ನಾಲ್ಕನೇ ದಿನಕ್ಕೆ ಬಂತು. ಥರ್ಮಾಕೋಲ್ ಒಳಗೆ ಒಂದು ಗೀರೂ ಇಲ್ಲದೆ.

ನಿನ್ನೆ ಹಾಕಿ ಬೀಮ್ ಸರಿ ಮಾಡಿ ಕೊಟ್ಟೆ. ತಾಯಿ ಕಾರಿನಲ್ಲೇ ಕೂತಿದ್ದರು, ಇವತ್ತಿನ ಡಯಾಲಿಸಿಸ್‌ಗೆ ತಮ್ಮ ಗಾಡಿಯಲ್ಲೇ ಹೋಗಿದ್ದಾರೆ.

ಹಿರಿಯರೇ, ಒಂದು ಕೇಳಿಕೆ. ಆ ಗ್ರೀಸ್ ಹತ್ತಿದ ಹಳೇ ಕ್ಯಾಟಲಾಗ್ ಇನ್ನೂ ನಿಮ್ಮ ಹತ್ತಿರ ಇದ್ದರೆ ಓಮ್ನಿ ಬಾಗಿಲಿನ ಹಾಳೆಗಳ ಫೋಟೋ ಹಾಕ್ತೀರಾ? ನಮ್ಮ ಕಡೆ ಓಮ್ನಿ ಇನ್ನೂ ತುಂಬಾ ಓಡುತ್ತಿವೆ. ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ಜೆಸಿ ರೋಡ್ ಹಳಬ

ಅಟ್ಟದ ಮೇಲೆ ಟ್ರಂಕಿನಲ್ಲಿದೆ ತಮ್ಮಾ. ಭಾನುವಾರ ಮೊಮ್ಮಗ ಬರುತ್ತಾನೆ, ಇಳಿಸಿಕೊಂಡು ಹಾಕುತ್ತೇನೆ. ಎಡಬಾಗಿಲು, ಬಲಬಾಗಿಲು ಎರಡರ ಹಾಳೆಯನ್ನೂ ಹಾಕುತ್ತೇನೆ, ನಂಬರ್ ಬೇರೆ ಬೇರೆ ಇವೆ. ನೋಡಿಕೊಂಡು ಆರ್ಡರ್ ಮಾಡು.